ಕಾಗದಕ್ಕೆ ನ್ಯಾನೊಸೆಲ್ಯುಲೋಸ್ ಲೇಪನ: ತತ್ತ್ವ, ಪ್ರಯೋಜನ ಮತ್ತು ಮಿತಿಗಳು

ಪೀಠಿಕೆ

ಬರೆಯುವ ಹಾಳೆಗೆ ಲೇಪನ ಕೊಡುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ಕಾಗದದ ಬಳಕೆ ವ್ಯಾಪಕವಾಗುವುದಕ್ಕೆ ಮೊದಲು ಕರ್ನಾಟಕದ ಮಠಗಳಲ್ಲಿಯೂ ವರ್ತಕರಲ್ಲಿಯೂ ಲೆಕ್ಕಪತ್ರಗಳನ್ನು ಬರೆದಿಡಲು ಬಳಸುತ್ತಿದ್ದ ಕಡತವು ವಾಸ್ತವವಾಗಿ ಲೇಪಿತ ಬಟ್ಟೆಯೇ ಆಗಿತ್ತು. ಹತ್ತಿಯ ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರಗಳಾಗಿ ಉಳಿದುಬಂದಿವೆ. ಹುಣಸೆಬೀಜದ ಸರಿಯಲ್ಲಿರುವ ಮುಖ್ಯ ದ್ರವ್ಯ ಕ್ಸೈಲೊಗ್ಲೂಕನ್ ಎಂಬ ಬಹುಶರ್ಕರ. ಸಸ್ಯಕೋಶಗಳ ಭಿತ್ತಿಯಲ್ಲಿ ಸೆಲ್ಯುಲೋಸಿನ ಎಳೆಗಳಿಗೆ ಸಹಜವಾಗಿ ಅಂಟಿಕೊಂಡಿರುವ ದ್ರವ್ಯವೂ ಇದೇ ವರ್ಗದ್ದು. ಹತ್ತಿಯೂ ಸೆಲ್ಯುಲೋಸೇ ಆದುದರಿಂದ ಕಡತ ಮಾಡುತ್ತಿದ್ದವರು ಆಧಾರದ ಹಾಳೆಗೆ ಅದರ ಸಸ್ಯಬಂಧುವನ್ನೇ ಲೇಪಿಸುತ್ತಿದ್ದರೆಂದು ಹೇಳಬಹುದು.

ಮುಂದೆ ಕೈಕಾಗದಕ್ಕೆ ಅಕ್ಕಿ ಅಥವಾ ಗೋಧಿಯ ಗಂಜಿ ಬಳಿದು ನುಣುಪಾದ ಕಲ್ಲಿನಿಂದ ಉಜ್ಜುವ ಕ್ರಮ ಭಾರತದಲ್ಲಿ ರೂಢಿಗೆ ಬಂದಿತು. ಯುರೋಪಿನಲ್ಲಿ ಪ್ರಾಣಿಜನ್ಯ ಜೆಲಟಿನ್ ಬಳಸಿದರು. ಆಧುನಿಕ ಕಾರ್ಖಾನೆಗಳಲ್ಲಿ ಮುದ್ರಣದ ಕಾಗದಕ್ಕೆ ಬಿಳಿ ಜೇಡಿ ಅಥವಾ ಕ್ಯಾಲ್ಸಿಯಂ ಕಾರ್ಬೊನೇಟನ್ನು ಸಂಶ್ಲೇಷಿತ ಲೇಟೆಕ್ಸಿನೊಡನೆ ಲೇಪಿಸುತ್ತಾರೆ. ಆಹಾರ ಪೊಟ್ಟಣಗಳ ಹಾಗೂ ಚಹದ ಲೋಟಗಳ ಕಾಗದಕ್ಕೆ ಪಾಲಿಎಥಿಲೀನ್ ಪದರವನ್ನು ಅಂಟಿಸಲಾಗುತ್ತದೆ. ಎಣ್ಣೆ ಜಿನುಗದಿರಲೆಂದು ಫ್ಲೋರಿನ್ ಸಂಯುಕ್ತಗಳನ್ನು ಬಳಸಿದುದೂ ಉಂಟು. ಈ ಕೊನೆಯ ಎರಡು ಉಪಾಯಗಳು ಕಾಗದದ ಕೊರತೆಯನ್ನು ನೀಗಿಸಿದರೂ ಅದರ ದೊಡ್ಡ ಗುಣಗಳನ್ನು ಕಸಿದುಕೊಂಡವು. ಪ್ಲಾಸ್ಟಿಕ್ ಅಂಟಿದ ಕಾಗದ ಸುಲಭವಾಗಿ ಕೊಳೆಯುವುದಿಲ್ಲ, ಸಾಮಾನ್ಯ ಕ್ರಮದಲ್ಲಿ ಮರಳಿ ತಿರುಳಾಗುವುದೂ ಇಲ್ಲ. ಫ್ಲೋರಿನ್ ಸಂಯುಕ್ತಗಳು ಪರಿಸರದಲ್ಲಿಯೂ ಜೀವಿಗಳ ಶರೀರದಲ್ಲಿಯೂ ದೀರ್ಘಕಾಲ ಉಳಿಯುತ್ತವೆ. ಆಹಾರ ತಾಗುವ ಕಾಗದದಲ್ಲಿ ಇವುಗಳ ಬಳಕೆಯನ್ನು ಡೆನ್ಮಾರ್ಕ್ 2020ರಲ್ಲಿ ನಿಷೇಧಿಸಿತು. ಎಣ್ಣೆ ನಿರೋಧಕ್ಕೆಂದು ಬಳಸುತ್ತಿದ್ದ ಇಂತಹ ದ್ರವ್ಯಗಳ ಮಾರಾಟ ತಮ್ಮ ದೇಶದಲ್ಲಿ ನಿಂತಿದೆಯೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಭಾರತದಲ್ಲಿಯೂ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳು ನಿಷಿದ್ಧವಾಗಿದ್ದು, ಅವುಗಳ ಸ್ಥಾನವನ್ನು ಕಾಗದ ತುಂಬಬೇಕೆಂಬ ನಿರೀಕ್ಷೆ ಹೆಚ್ಚಿದೆ.

ಕಾಗದವು ಕಾಗದವಾಗಿಯೇ ಉಳಿದು ಪ್ಲಾಸ್ಟಿಕ್ಕಿನ ಕೆಲಸವನ್ನು ಎಷ್ಟರಮಟ್ಟಿಗೆ ಮಾಡಬಲ್ಲದು ಎಂಬುದು ಇಲ್ಲಿಯ ಪ್ರಶ್ನೆ. ಕಾಗದದ ಮೂಲದ್ರವ್ಯವನ್ನೇ ಅತಿಸೂಕ್ಷ್ಮ ಎಳೆಗಳಾಗಿ ಬಿಡಿಸಿ ಅದನ್ನೇ ಕಾಗದದ ಮೇಲೆ ಲೇಪಿಸುವ ವಿಧಾನವು ಈ ಪ್ರಶ್ನೆಗೆ ದೊರೆತಿರುವ ಉತ್ತರಗಳಲ್ಲಿ ಒಂದು. ಅದರ ತತ್ತ್ವ, ತಯಾರಿಕೆ, ಪ್ರಯೋಜನ ಹಾಗೂ ಮಿತಿಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಕಾಗದದ ರಚನೆ ಮತ್ತು ಅದರ ದೌರ್ಬಲ್ಯದ ಮೂಲ

ಸಸ್ಯಗಳ ಭಿತ್ತಿಯ ಈ ದ್ರವ್ಯವನ್ನು ಬೇರ್ಪಡಿಸಿ ಗುರುತಿಸಿದವನು ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್. ಇದು 1838ರ ಮಾತು. ಸೆಲ್ಯುಲೋಸ್ ಎಂಬ ಹೆಸರು ಅದರ ಬೆನ್ನಲ್ಲೇ ಬಂದಿತು. ಗ್ಲೂಕೋಸಿನ ಸಾವಿರಾರು ಘಟಕಗಳು ಒಂದರ ತುದಿಗೆ ಒಂದು ಸೇರಿ ಆಗುವ ನೇರವಾದ ಸರಪಣಿಯೇ ಸೆಲ್ಯುಲೋಸ್. ಪ್ರತಿಯೊಂದು ಘಟಕದಲ್ಲಿಯೂ ಮೂರು ಹೈಡ್ರಾಕ್ಸಿಲ್ ಗುಂಪುಗಳಿವೆ. ಇವು ಪಕ್ಕದ ಸರಪಣಿಯೊಡನೆ ಹೈಡ್ರೋಜನ್ ಬಂಧಗಳನ್ನು ಏರ್ಪಡಿಸಿಕೊಳ್ಳುವುದರಿಂದ ಹಲವಾರು ಸರಪಣಿಗಳು ಒತ್ತಾಗಿ ಸೇರಿ ಸುಮಾರು 3ರಿಂದ 4 ನ್ಯಾನೊಮೀಟರ್ ದಪ್ಪದ ಸೂಕ್ಷ್ಮತಂತುಗಳಾಗುತ್ತವೆ. ಸೂಕ್ಷ್ಮತಂತುಗಳು ಕಟ್ಟುಕಟ್ಟಾಗಿ ಹೆಣೆದುಕೊಂಡು ನಾರಿನ ಭಿತ್ತಿಯಾಗುತ್ತದೆ. ಕಾಗದದಲ್ಲಿ ನಮಗೆ ಕಾಣುವ ನಾರು ಇಂತಹ ಲಕ್ಷಾಂತರ ತಂತುಗಳ ಸಮುದಾಯ. ಮರದ ನಾರಿನ ಉದ್ದ ಒಂದರಿಂದ ಮೂರು ಮಿಲಿಮೀಟರ್, ದಪ್ಪ 20ರಿಂದ 40 ಮೈಕ್ರೊಮೀಟರ್.

ಇಷ್ಟು ದಪ್ಪದ ನಾರುಗಳನ್ನು ಹಾಸಿ ಒತ್ತಿ ಒಣಗಿಸಿದಾಗ ಅವುಗಳ ನಡುವೆ ತೆರಪುಗಳು ಉಳಿಯುವುದು ಅನಿವಾರ್ಯ. ಒಂದು ಸರಳ ಲೆಕ್ಕದಿಂದ ಇದನ್ನು ತಿಳಿಯಬಹುದು. ಚದರ ಮೀಟರಿಗೆ 80 ಗ್ರಾಂ ತೂಗುವ, 100 ಮೈಕ್ರೊಮೀಟರ್ ದಪ್ಪದ ಕಾಗದದ ಸಾಂದ್ರತೆ ಘನ ಸೆಂಟಿಮೀಟರಿಗೆ 0.8 ಗ್ರಾಂ ಆಗುತ್ತದೆ. ಸೆಲ್ಯುಲೋಸಿನ ಸ್ವಂತ ಸಾಂದ್ರತೆ ಸುಮಾರು 1.5 ಗ್ರಾಂ. ಭರ್ತಿದ್ರವ್ಯಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಇಂತಹ ಹಾಳೆಯ ಗಾತ್ರದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬರಿಯ ಗಾಳಿ. ಈ ತೆರಪುಗಳು ಒಂದಕ್ಕೊಂದು ಕೂಡಿಕೊಂಡು ಹಾಳೆಯ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ದಾರಿಯಾಗುತ್ತವೆ. ಗಾಳಿ, ಎಣ್ಣೆ, ಶಾಯಿ, ನೀರು ಎಲ್ಲವೂ ಈ ದಾರಿ ಹಿಡಿದೇ ಹಾಯುತ್ತವೆ.

ನೀರಿನ ವಿಷಯದಲ್ಲಿ ಇನ್ನೊಂದು ಕಾರಣವೂ ಇದೆ. ಸರಪಣಿಗಳನ್ನು ಬಿಗಿದಿಡುವ ಹೈಡ್ರಾಕ್ಸಿಲ್ ಗುಂಪುಗಳೇ ನೀರಿನ ಅಣುಗಳನ್ನೂ ಸೆಳೆದುಕೊಳ್ಳುತ್ತವೆ. ಆದುದರಿಂದ ತೆರಪು ಇಲ್ಲದ ಕಡೆಯಲ್ಲಿಯೂ ನೀರು ನಾರಿನೊಳಕ್ಕೆ ಇಳಿದು ಅದನ್ನು ಉಬ್ಬಿಸುತ್ತದೆ. ಕಾಗದ ಅಂಟಿಲ್ಲದೆ ಹಾಳೆಯಾಗುವುದು, ಬಳಸಿದ ಮೇಲೆ ನೀರಿನಲ್ಲಿ ಕರಗಿ ಮತ್ತೆ ತಿರುಳಾಗುವುದು ಈ ಗುಂಪುಗಳ ದೆಸೆಯಿಂದ. ಮಳೆಗೆ ನೆನೆದು ಹರಿಯುವುದೂ ಅವುಗಳ ದೆಸೆಯಿಂದಲೇ. ತೆರಪಿನ ಸಮಸ್ಯೆ ಮತ್ತು ನೀರಿನ ಒಲವಿನ ಸಮಸ್ಯೆ ಎರಡೂ ಬೇರೆ ಬೇರೆ ಎಂಬುದನ್ನು ಇಲ್ಲಿ ಗಮನದಲ್ಲಿಡಬೇಕು. ನ್ಯಾನೊಸೆಲ್ಯುಲೋಸ್ ಮೊದಲನೆಯದನ್ನು ಬಹುಮಟ್ಟಿಗೆ ಪರಿಹರಿಸುತ್ತದೆ. ಎರಡನೆಯದನ್ನು ತಾನಾಗಿ ಪರಿಹರಿಸಲಾರದು. ಈ ವಿಷಯದ ಸಂಶೋಧನೆಯ ಸಫಲತೆ ವಿಫಲತೆಗಳೆಲ್ಲ ಈ ಒಂದು ಭೇದವನ್ನು ಅವಲಂಬಿಸಿವೆ.

ನ್ಯಾನೊಸೆಲ್ಯುಲೋಸಿನ ವಿಧಗಳು ಮತ್ತು ತಯಾರಿಕೆ

ಕನಿಷ್ಠ ಒಂದು ಆಯಾಮದಲ್ಲಿ 100 ನ್ಯಾನೊಮೀಟರಿಗಿಂತ ಸಣ್ಣದಾದ ಸೆಲ್ಯುಲೋಸ್ ಕಣಗಳನ್ನು ಸ್ಥೂಲವಾಗಿ ನ್ಯಾನೊಸೆಲ್ಯುಲೋಸ್ ಎನ್ನುತ್ತಾರೆ. ಇದರಲ್ಲಿ ಮೂರು ವಿಧಗಳುಂಟು.

ಮೊದಲನೆಯದು ನ್ಯಾನೊಸ್ಫಟಿಕ. ಸ್ವೀಡನ್ನಿನ ರೋನ್ಬಿ ಎಂಬ ವಿಜ್ಞಾನಿ 1950ರ ಆಸುಪಾಸಿನಲ್ಲಿ ಸೆಲ್ಯುಲೋಸನ್ನು ಗಂಧಕಾಮ್ಲದೊಡನೆ ವರ್ತಿಸಿದಾಗ ಅವ್ಯವಸ್ಥಿತ ಭಾಗಗಳು ಕರಗಿ, ಸ್ಫಟಿಕೀಯ ಭಾಗಗಳು ಸಣ್ಣ ಕಡ್ಡಿಗಳಂತೆ ನೀರಿನಲ್ಲಿ ತೇಲಿ ನಿಲ್ಲುವುದನ್ನು ತೋರಿಸಿದನು. ಮರದಿಂದ ಪಡೆದ ಕಡ್ಡಿಗಳ ದಪ್ಪ ಕೆಲವೇ ನ್ಯಾನೊಮೀಟರ್, ಉದ್ದ ಸಾಮಾನ್ಯವಾಗಿ 100ರಿಂದ 200 ನ್ಯಾನೊಮೀಟರ್.

ಎರಡನೆಯದು ನ್ಯಾನೊತಂತು. ಅಮೆರಿಕದ ನ್ಯೂಜೆರ್ಸಿಯ ವಿಪ್ಪನಿಯಲ್ಲಿದ್ದ ಐಟಿಟಿ ರೆಯೊನಿಯರ್ ಪ್ರಯೋಗಶಾಲೆಯಲ್ಲಿ ಟರ್ಬಾಕ್, ಸ್ನೈಡರ್ ಮತ್ತು ಸ್ಯಾಂಡ್‌ಬರ್ಗ್ 1970ರ ದಶಕದ ಕೊನೆಯಲ್ಲಿ ಇದನ್ನು ಮೊದಲಿಗೆ ತಯಾರಿಸಿದರು. ಹಾಲಿನ ಕೊಬ್ಬನ್ನು ಒಡೆದು ಏಕರೂಪಗೊಳಿಸುವ ಯಂತ್ರದ ಕಿರಿದಾದ ಸಂದಿಯ ಮೂಲಕ ಅಧಿಕ ಒತ್ತಡದಲ್ಲಿ ಮರದ ತಿರುಳನ್ನು ಮತ್ತೆ ಮತ್ತೆ ಹಾಯಿಸಿದಾಗ ನಾರಿನ ಭಿತ್ತಿ ಬಿಚ್ಚಿಕೊಂಡು ಎಳೆಎಳೆಯಾಯಿತು. ಉಳಿದದ್ದು ಲೋಳೆಯಂತಹ ಅರೆಪಾರದರ್ಶಕ ದ್ರವ್ಯ. 1983ರಲ್ಲಿ ಇದರ ವಿವರಗಳು ಪ್ರಕಟವಾದವು. ಆದರೆ ಟನ್ನಿಗೆ 25,000 ಕಿಲೊವ್ಯಾಟ್-ಗಂಟೆಗೂ ಮೀರಿ ವಿದ್ಯುತ್ತು ವ್ಯಯವಾದ ವರದಿಗಳಿವೆ. ಈ ಕಾರಣದಿಂದ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಈ ಶೋಧವು ಕೈಗಾರಿಕೆಯನ್ನು ಪ್ರವೇಶಿಸಲಾಗಲಿಲ್ಲ.

ಈ ತೊಡಕನ್ನು ನಿವಾರಿಸಿದುದು ಪೂರ್ವಸಂಸ್ಕರಣ. ಟೋಕಿಯೊ ವಿಶ್ವವಿದ್ಯಾಲಯದ ಇಸೊಗಾಯಿ, ಸೈಟೊ ಮತ್ತು ಸಂಗಡಿಗರು ಟೆಂಪೊ ಎಂಬ ವೇಗವರ್ಧಕದ ನೆರವಿನಿಂದ ಸೂಕ್ಷ್ಮತಂತುಗಳ ಮೇಲ್ಮೈಯಲ್ಲಿರುವ ಹೈಡ್ರಾಕ್ಸಿಲ್ ಗುಂಪುಗಳಲ್ಲಿ ಕೆಲವನ್ನು ಉತ್ಕರ್ಷಿಸಿ ಕಾರ್ಬಾಕ್ಸಿಲೇಟ್ ಗುಂಪುಗಳಾಗಿಸಿದರು. ಋಣ ವಿದ್ಯುದಾವೇಶ ಪಡೆದ ತಂತುಗಳು ಪರಸ್ಪರ ವಿಕರ್ಷಿಸುವುದರಿಂದ ಅಲ್ಪ ಶ್ರಮದಲ್ಲಿಯೇ ಬಿಡಿಬಿಡಿಯಾಗುತ್ತವೆಂದು 2006ರ ಸುಮಾರಿಗೆ ಸ್ಪಷ್ಟವಾಯಿತು. ಈ ಸಾಧನೆಗಾಗಿ ಇಸೊಗಾಯಿ, ಸೈಟೊ ಮತ್ತು ನಿಶಿಯಾಮ ಅವರಿಗೆ 2015ರ ಮಾರ್ಕಸ್ ವಾಲನ್‌ಬರ್ಗ್ ಪ್ರಶಸ್ತಿ ಸಂದಿತು. ಸ್ವೀಡನ್ ಮತ್ತು ಫಿನ್ಲೆಂಡಿನಲ್ಲಿ ಇದೇ ಕಾಲಕ್ಕೆ ಕಿಣ್ವಗಳ ಮೂಲಕ ನಾರನ್ನು ಸಡಿಲಗೊಳಿಸುವ ಹಾಗೂ ಕಾರ್ಬಾಕ್ಸಿಮಿಥೈಲ್ ಗುಂಪುಗಳನ್ನು ಸೇರಿಸುವ ವಿಧಾನಗಳು ಬೆಳೆದವು. ಇವುಗಳಿಂದ ಯಂತ್ರಶಕ್ತಿಯ ವ್ಯಯ ಮೊದಲಿನ ಹತ್ತನೆಯ ಒಂದು ಪಾಲಿಗಿಂತಲೂ ಕೆಳಗಿಳಿಯಿತು. ಪರಿಣಾಮವಾಗಿ 2011ರಲ್ಲಿ ಸ್ಟಾಕ್‌ಹೋಮಿನಲ್ಲಿ ನ್ಯಾನೊತಂತುಗಳ ಪ್ರಾಯೋಗಿಕ ಘಟಕವೂ, 2012ರಲ್ಲಿ ಕೆನಡಾದ ವಿಂಡ್ಸರ್ ಪಟ್ಟಣದಲ್ಲಿ ದಿನಕ್ಕೆ ಒಂದು ಟನ್ ಸಾಮರ್ಥ್ಯದ ನ್ಯಾನೊಸ್ಫಟಿಕ ಘಟಕವೂ ಆರಂಭವಾದವು.

ಮೂರನೆಯದು ಬ್ಯಾಕ್ಟೀರಿಯ ಜನ್ಯ ಸೆಲ್ಯುಲೋಸ್. ವಿನಿಗರಿನ ಮೇಲೆ ಕಟ್ಟುವ ಕೆನೆಯಂತಹ ಪೊರೆ ಸೆಲ್ಯುಲೋಸೇ ಎಂಬುದನ್ನು 1886ರಲ್ಲಿ ಇಂಗ್ಲೆಂಡಿನ ಬ್ರೌನ್ ತೋರಿಸಿದನು. ಇದು ಅತ್ಯಂತ ಶುದ್ಧವಾದುದು. ಆದರೆ ದುಬಾರಿಯಾದುದರಿಂದ ಕಾಗದದ ಕೈಗಾರಿಕೆಗಿಂತ ವೈದ್ಯಕೀಯಕ್ಕೂ ಗ್ರಂಥಸಂರಕ್ಷಣೆಗೂ ಹೆಚ್ಚು ಒಪ್ಪುತ್ತದೆ.

ಕಾಗದದ ಲೇಪನಕ್ಕೆ ಹೆಚ್ಚಾಗಿ ಬಳಕೆಯಾಗುವುದು ಎರಡನೆಯ ವಿಧವಾದ ನ್ಯಾನೊತಂತು. ಗಾತ್ರ ಕಿರಿದಾದಂತೆ ಆಗುವ ಬದಲಾವಣೆಯನ್ನು ಅಂಕಿಗಳಲ್ಲಿ ನೋಡಬಹುದು. ನಾರನ್ನು ಘನವಾದ ಉರುಳೆಯೆಂದು ಭಾವಿಸಿದರೆ, 30 ಮೈಕ್ರೊಮೀಟರ್ ದಪ್ಪದ ನಾರುಗಳ ಒಂದು ಗ್ರಾಮಿಗೆ ಹೊರಮೈ ವಿಸ್ತೀರ್ಣ 0.1 ಚದರ ಮೀಟರಿಗಿಂತ ಕಡಿಮೆ. 5 ನ್ಯಾನೊಮೀಟರ್ ದಪ್ಪದ ತಂತುಗಳ ಒಂದು ಗ್ರಾಮಿಗೆ ಅದು 500 ಚದರ ಮೀಟರಿಗೂ ಅಧಿಕ. ಅದೇ ದ್ರವ್ಯ, ಅದೇ ತೂಕ. ಆದರೆ ಬಂಧ ಏರ್ಪಡಿಸಬಲ್ಲ ಮೈ ಆರು ಸಾವಿರ ಪಟ್ಟು. ಒಣಗಿದಾಗ ಇಂತಹ ತಂತುಗಳು ಪರಸ್ಪರ ಬೆಸೆದುಕೊಂಡು ತೆರಪುಗಳು ಬಹು ಕಿರಿದಾದ ದಟ್ಟವಾದ ಪೊರೆಯಾಗುವುದು ಸಹಜ.

ಲೇಪನದ ವಿಧಾನಗಳು ಮತ್ತು ನೀರಿನ ಭಾರ

ನ್ಯಾನೊತಂತುಗಳು ನೀರಿನಲ್ಲಿ ಶೇಕಡಾ 2ರಷ್ಟಿದ್ದರೂ ಮಿಶ್ರಣ ಲೋಳೆಯಂತೆ ಗಟ್ಟಿಯಾಗಿ ನಿಲ್ಲುತ್ತದೆ. ವೇಗವಾಗಿ ಕಲಕಿದಾಗ ತೆಳುವಾಗುತ್ತದೆ, ಬಿಟ್ಟೊಡನೆ ಮತ್ತೆ ಗಟ್ಟಿಯಾಗುತ್ತದೆ. ಬಳಿದ ಲೇಪ ಹರಿದುಹೋಗದೆ ನಿಲ್ಲುವುದಕ್ಕೆ ಇದು ಅನುಕೂಲ. ಆದರೆ ಘನಾಂಶವನ್ನು ಹೆಚ್ಚಿಸಲಾಗದಿರುವುದರಿಂದ ಲೇಪದೊಡನೆ ಬರುವ ನೀರು ದೊಡ್ಡ ತೊಡಕಾಗುತ್ತದೆ.

ಚದರ ಮೀಟರಿಗೆ 5 ಗ್ರಾಂ ಒಣ ಲೇಪನ ಬೇಕೆಂದಿಟ್ಟುಕೊಳ್ಳೋಣ. ಶೇಕಡಾ 2ರ ಮಿಶ್ರಣವಾದರೆ 250 ಗ್ರಾಂ ಬಳಿಯಬೇಕು. ಅದರಲ್ಲಿ 245 ಗ್ರಾಂ ನೀರೇ. ಕಾಗದದ ತೂಕವಾದರೋ 80 ಗ್ರಾಂ. ಅಂದರೆ ಹಾಳೆ ತನ್ನ ತೂಕದ ಮೂರು ಪಟ್ಟು ನೀರನ್ನು ಹೊರಬೇಕಾಗುತ್ತದೆ. ಒಂದು ಟನ್ ಕಾಗದಕ್ಕೆ ಸುಮಾರು ಮೂರು ಟನ್ ನೀರನ್ನು ಆವಿಯಾಗಿಸಬೇಕು. ಇದಕ್ಕೆ ಹೋಲಿಸಿದರೆ, ಶೇಕಡಾ 60ರಷ್ಟು ಘನಾಂಶವುಳ್ಳ ಸಾಮಾನ್ಯ ಜೇಡಿ ಲೇಪದಲ್ಲಿ 10 ಗ್ರಾಂ ಒಣ ಲೇಪನಕ್ಕೆ ಏಳು ಗ್ರಾಮಿಗಿಂತ ಕಡಿಮೆ ನೀರು ಸಾಕು. ಪ್ರಯೋಗಶಾಲೆಯಲ್ಲಿ ಸುಲಭವಾಗಿ ಸಾಧಿಸಿದುದು ಕಾರ್ಖಾನೆಯಲ್ಲಿ ಕಷ್ಟವಾಗಲು ಈ ವ್ಯತ್ಯಾಸವೇ ಮುಖ್ಯ ಕಾರಣ.

ಇದಕ್ಕೆ ಎರಡು ದಾರಿಗಳನ್ನು ಹುಡುಕಲಾಗಿದೆ. ಒಣ ಕಾಗದದ ಮೇಲೆ ಬಳಿಯುವುದಾದರೆ ಕಂಬಿ ಅಥವಾ ಅಲಗಿನಿಂದ ಸವರುವುದು, ತುಂತುರಾಗಿ ಸಿಂಪಡಿಸುವುದು, ನೊರೆಯ ರೂಪದಲ್ಲಿ ಹಚ್ಚುವುದು ಮೊದಲಾದ ವಿಧಾನಗಳಿವೆ. ಫಿನ್ಲೆಂಡಿನ ಒಬೊ ಅಕಾಡೆಮಿಯ ಸಂಶೋಧಕರು ಕಿರಿದಾದ ಸೀಳುಬಾಯಿಯ ಮೂಲಕ ಲೋಳೆಯನ್ನು ರಭಸದಿಂದ ಹೊರಡಿಸಿ, ಚಲಿಸುವ ಕಾಗದದ ಸುರುಳಿಯ ಮೇಲೆ ಎಡೆಬಿಡದೆ ಲೇಪಿಸಬಹುದೆಂದು 2016ರಲ್ಲಿ ತೋರಿಸಿದರು. ಎರಡನೆಯದು ಕಾಗದ ಇನ್ನೂ ಹಸಿಯಾಗಿ ಯಂತ್ರದ ಜಾಲರಿಯ ಮೇಲಿರುವಾಗಲೇ ಅದರ ಮೇಲೆ ನ್ಯಾನೊತಂತುಗಳ ಪದರವನ್ನು ಹರಿಸುವ ಕ್ರಮ. ಇಲ್ಲಿ ನೀರಿನ ಬಹುಭಾಗವನ್ನು ಜಾಲರಿಯ ಮೂಲಕ ಸೋಸಿ ತೆಗೆಯಬಹುದಾದುದರಿಂದ ಶಾಖದ ಉಳಿತಾಯವಾಗುತ್ತದೆ. ರಟ್ಟಿನ ತಯಾರಿಕೆಗೆ ಈ ಕ್ರಮ ಹೆಚ್ಚು ಹೊಂದುತ್ತದೆ.

ನ್ಯಾನೊತಂತುಗಳನ್ನು ಮೊದಲೇ ಒಣಗಿಸಿ ಪುಡಿಯಾಗಿ ಸಾಗಿಸಬಾರದೇಕೆ ಎಂಬ ಪ್ರಶ್ನೆ ಏಳಬಹುದು. ಒಣಗಿದ ತಂತುಗಳು ಪರಸ್ಪರ ಎಷ್ಟು ಬಿಗಿಯಾಗಿ ಬೆಸೆದುಕೊಳ್ಳುತ್ತವೆಂದರೆ ಮತ್ತೆ ನೀರಿನಲ್ಲಿ ಹಾಕಿದರೂ ಪೂರ್ಣವಾಗಿ ಬಿಡಿಯಾಗುವುದಿಲ್ಲ. ಲೇಪನಕ್ಕೆ ಬೇಕಾದ ಗುಣವೇ ಸಾಗಣೆಗೆ ತೊಡಕು. ಆದುದರಿಂದ ಕಾಗದದ ಕಾರ್ಖಾನೆಯ ಆವರಣದಲ್ಲಿಯೇ ಅದನ್ನು ತಯಾರಿಸಿ ಒಡನೆ ಬಳಸುವುದು ಲಾಭಕರ.

ಲೇಪಿತ ಕಾಗದದ ಗುಣಗಳು

ಲೇಪನದ ಮೊದಲ ಪರಿಣಾಮ ಗಾಳಿಯ ಹರಿವಿನಲ್ಲಿ ಕಾಣುತ್ತದೆ. ನಾರ್ವೆಯ ಸೈವೆರುಡ್ ಮತ್ತು ಸ್ಟೇನಿಯಸ್ 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಹಾಳೆಯ ಒಟ್ಟು ತೂಕದ ಶೇಕಡಾ 8ರವರೆಗೆ ನ್ಯಾನೊತಂತುಗಳ ಮೇಲ್ಪದರ ಕೊಟ್ಟಾಗ ಗಾಳಿಯ ಪ್ರವೇಶ್ಯತೆ ನೂರು ಪಟ್ಟಿಗೂ ಹೆಚ್ಚು ಇಳಿಯಿತು. ನಾರುಗಳ ನಡುವಿನ ಮೈಕ್ರೊಮೀಟರ್ ಗಾತ್ರದ ಬಾಯಿಗಳನ್ನು ತಂತುಗಳ ಪೊರೆ ಮುಚ್ಚಿದುದೇ ಇದಕ್ಕೆ ಕಾರಣ. ಲೇಪನ ಅತಿ ತೆಳುವಾದರೆ ತಂತುಗಳು ತೆರಪುಗಳೊಳಕ್ಕೆ ಇಳಿದುಬಿಡುತ್ತವೆ. ಮೇಲ್ಮೈ ಪೂರ್ತಿ ಮುಚ್ಚಿದ ಬಳಿಕವಷ್ಟೇ ಪ್ರವೇಶ್ಯತೆ ಥಟ್ಟನೆ ಕುಸಿಯುತ್ತದೆ. ಆಧಾರ ಕಾಗದ ಒರಟಾಗಿದ್ದಷ್ಟೂ ಹೆಚ್ಚು ಲೇಪ ಬೇಕಾಗುತ್ತದೆ.

ಎಣ್ಣೆಯ ನಿರೋಧದಲ್ಲಿ ಫಲಿತಾಂಶ ಇನ್ನೂ ಆಶಾದಾಯಕ. ಎಣ್ಣೆ ಕಾಗದದೊಳಕ್ಕೆ ತೆರಪುಗಳ ಮೂಲಕವೇ ಹರಡಬೇಕು. ಸೆಲ್ಯುಲೋಸಿನ ದ್ರವ್ಯವನ್ನು ಅದು ಉಬ್ಬಿಸಲಾರದು. ದಾರಿ ಮುಚ್ಚಿದರೆ ಎಣ್ಣೆ ನಿಂತಂತೆಯೇ. ಸ್ವೀಡನ್ನಿನ ಔಲಿನ್, ಗೆಲ್‌ಸ್ಟೆಟ್ ಮತ್ತು ಲಿಂಡ್‌ಸ್ಟ್ರಮ್ 2010ರಲ್ಲಿ ಹರಳೆಣ್ಣೆ ಹಾಗೂ ಟರ್ಪೆಂಟೈನ್ ಬಳಸಿ ಇದನ್ನು ತೋರಿಸಿದರು. ಫ್ಲೋರಿನ್ ಸಂಯುಕ್ತಗಳ ಸ್ಥಾನವನ್ನು ನ್ಯಾನೊಸೆಲ್ಯುಲೋಸ್ ಅತ್ಯಂತ ಸಹಜವಾಗಿ ತುಂಬಬಲ್ಲುದು ಇಲ್ಲಿಯೇ. ಕರಿದ ತಿಂಡಿ, ಬೆಣ್ಣೆ, ಬೇಕರಿ ಪದಾರ್ಥಗಳ ಪೊಟ್ಟಣಗಳಿಗೆ ಇದು ನೇರವಾಗಿ ಅನ್ವಯಿಸುತ್ತದೆ.

ಆಮ್ಲಜನಕದ ತಡೆ ಮೂರನೆಯ ಗುಣ. ಕಾಫಿಪುಡಿ, ಎಣ್ಣೆಬೀಜ, ಹುರಿದ ತಿನಿಸುಗಳು ಕಮಟಾಗಲು ಆಮ್ಲಜನಕವೇ ಕಾರಣ. ಮೇಲೆ ಹೇಳಿದ ನಾರ್ವೆಯ ಪ್ರಯೋಗದಲ್ಲಿ ನ್ಯಾನೊತಂತುಗಳ ಒಣ ಹಾಳೆ ದಿನವೊಂದಕ್ಕೆ ಚದರ ಮೀಟರಿಗೆ 17 ಮಿಲಿಲೀಟರಿನಷ್ಟು ಆಮ್ಲಜನಕವನ್ನು ಮಾತ್ರ ಬಿಟ್ಟುಕೊಟ್ಟಿತು. ಸಾಮಾನ್ಯ ಪಾಲಿಎಥಿಲೀನ್ ಹಾಳೆ ಬಿಟ್ಟುಕೊಡುವುದು ಸಾವಿರಾರು ಮಿಲಿಲೀಟರ್. ಸ್ಫಟಿಕೀಯ ಭಾಗಗಳ ಮೂಲಕ ಅನಿಲ ಹಾಯಲಾರದು. ಅವುಗಳನ್ನು ಬಳಸಿಕೊಂಡು ಸುತ್ತುದಾರಿಯಲ್ಲಿ ಸಾಗಬೇಕಾದುದರಿಂದ ಅದರ ಗತಿ ಕುಂದುತ್ತದೆ.

ನಾಲ್ಕನೆಯದು ಯಾಂತ್ರಿಕ ಗುಣ. ಸೆಲ್ಯುಲೋಸ್ ಸ್ಫಟಿಕದ ಸ್ಥಿತಿಸ್ಥಾಪಕ ಗುಣಾಂಕವು ಅದರ ಉದ್ದದ ದಿಕ್ಕಿನಲ್ಲಿ ಸುಮಾರು 130ರಿಂದ 140 ಗಿಗಾಪಾಸ್ಕಲ್. ಉಕ್ಕಿನದು ಸುಮಾರು 200. ಆದರೆ ಉಕ್ಕಿನ ಸಾಂದ್ರತೆ ಸೆಲ್ಯುಲೋಸಿನ ಐದು ಪಟ್ಟು. ಹಾಳೆಯ ಎರಡೂ ಹೊರಮೈಗಳಲ್ಲಿ ಇಂತಹ ಬಿಗಿಯಾದ ಪದರವಿದ್ದರೆ ಬಾಗುವಿಕೆಗೆ ಹಾಳೆ ಹೆಚ್ಚು ಪ್ರತಿರೋಧ ಒಡ್ಡುತ್ತದೆ. ಒಂದೇ ಮಗ್ಗುಲಿಗೆ ಲೇಪಿಸಿದರೆ ಒಣಗುವಾಗ ಪದರ ಕುಗ್ಗಿ ಹಾಳೆ ಸುರುಳಿಯಾಗುವ ಸಂಭವವಿದೆ. ಮಡಿಕೆಯಲ್ಲಿ ಪದರ ಬಿರುಕು ಬಿಡುವುದೂ ಉಂಟು. ಗ್ಲಿಸರಾಲಿನಂತಹ ಮೃದುಕಾರಿಯನ್ನು ಬೆರೆಸಿದರೆ ಬಿರುಕು ಕಡಿಮೆಯಾಗುತ್ತದೆ, ಆದರೆ ತೇವದ ಸೆಳೆತ ಹೆಚ್ಚುತ್ತದೆ.

ಮುದ್ರಣದ ದೃಷ್ಟಿಯಿಂದ ಲೇಪನವು ಶಾಯಿಯನ್ನು ಮೇಲ್ಮೈಯಲ್ಲಿಯೇ ಹಿಡಿದಿಡುತ್ತದೆ. ವರ್ಣದ್ರವ್ಯ ಒಳಗಿಳಿಯದೆ ಮೇಲೆ ಉಳಿಯುವುದರಿಂದ ಬಣ್ಣ ಗಾಢವಾಗಿಯೂ ಅಂಚು ಸ್ಪಷ್ಟವಾಗಿಯೂ ಇರುತ್ತದೆ. ಅದೇ ಕಾರಣದಿಂದ ಶಾಯಿ ಒಣಗಲು ತಡವಾಗಬಹುದು. ನ್ಯಾನೊತಂತುಗಳನ್ನು ಜೇಡಿ ಅಥವಾ ಕಾರ್ಬೊನೇಟಿನೊಡನೆ ಬೆರೆಸಿ ಬಳಸಿದರೆ ಈ ಎರಡರ ನಡುವೆ ಹದ ಸಾಧಿಸಬಹುದು.

ಆರ್ದ್ರತೆಯ ಸಮಸ್ಯೆ

ಮೇಲೆ ವಿವರಿಸಿದ ಅನಿಲ ತಡೆಯ ಅಂಕಿಗಳು ಒಣ ಸ್ಥಿತಿಯವು. ಸ್ವೀಡನ್ನಿನ 2010ರ ಅಧ್ಯಯನದಲ್ಲಿಯೇ ಸಾಪೇಕ್ಷ ಆರ್ದ್ರತೆ ಶೂನ್ಯದಿಂದ ಶೇಕಡಾ 50ಕ್ಕೆ ಏರಿದಾಗ ಆಮ್ಲಜನಕದ ಪ್ರವೇಶ್ಯತೆ ಸಾವಿರ ಪಟ್ಟಿಗೂ ಮೀರಿ ಹೆಚ್ಚಿತು. ನೀರಿನ ಅಣುಗಳು ತಂತುಗಳ ನಡುವೆ ಸೇರಿ ಬಂಧಗಳನ್ನು ಸಡಿಲಿಸಿದುದರಿಂದ ಹೀಗಾಯಿತು. ಆರ್ದ್ರತೆ ಶೇಕಡಾ 70ನ್ನು ದಾಟಿದ ಬಳಿಕ ತಡೆಯ ಗುಣ ಇನ್ನೂ ಶೀಘ್ರವಾಗಿ ಕುಸಿಯುತ್ತದೆ. ನೀರಾವಿಯನ್ನಂತೂ ನ್ಯಾನೊಸೆಲ್ಯುಲೋಸ್ ಒಂದೇ ತಡೆಯಲಾರದು.

ನಮ್ಮ ದೇಶಕ್ಕೆ ಇದು ಸಾಮಾನ್ಯ ಸಂಗತಿಯಲ್ಲ. ಶೀತ ದೇಶಗಳಲ್ಲಿ ಕಾಗದದ ಪರೀಕ್ಷೆಗಳನ್ನು 23 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇಕಡಾ 50 ಆರ್ದ್ರತೆಯಲ್ಲಿ ಮಾಡುತ್ತಾರೆ. ಉಷ್ಣವಲಯದ ದೇಶಗಳಿಗೆ ಅಂಗೀಕೃತವಾದುದು 27 ಡಿಗ್ರಿ ಮತ್ತು ಶೇಕಡಾ 65. ನಮ್ಮ ಕರಾವಳಿ ಹಾಗೂ ಮಲೆನಾಡಿನಲ್ಲಿ ಮಳೆಗಾಲದ ಆರ್ದ್ರತೆ ಹಲವು ವಾರ ಶೇಕಡಾ 80ರ ಮೇಲೆಯೇ ಇರುತ್ತದೆ. ಸ್ಟಾಕ್‌ಹೋಮಿನಲ್ಲಿ ಉತ್ತಮವೆನಿಸಿದ ಪೊಟ್ಟಣ ಮಂಗಳೂರಿನ ಆಷಾಢದಲ್ಲಿ ಹಾಗೆಯೇ ಇರುವುದೆಂದು ನಂಬುವಂತಿಲ್ಲ. ಆದುದರಿಂದ ಈ ವಿಷಯದ ಯಾವುದೇ ಪ್ರಬಂಧವನ್ನು ಓದುವಾಗ ಅಂಕಿಯ ಜೊತೆಗೆ ಅದನ್ನು ಅಳೆದ ಆರ್ದ್ರತೆಯನ್ನೂ ನೋಡುವುದು ಅಗತ್ಯ.

ಪರಿಹಾರವಾಗಿ ಮೂರು ಬಗೆಯ ಯತ್ನಗಳು ನಡೆದಿವೆ. ತಂತುಗಳನ್ನು ರಾಸಾಯನಿಕ ಸೇತುಗಳಿಂದ ಪರಸ್ಪರ ಬಂಧಿಸಿ ಉಬ್ಬದಂತೆ ಮಾಡುವುದು ಒಂದು. ತಟ್ಟೆಯಾಕಾರದ ಜೇಡಿಯ ಕಣಗಳನ್ನು ಬೆರೆಸಿ ಅಣುಗಳ ಸುತ್ತುದಾರಿಯನ್ನು ಇನ್ನಷ್ಟು ಉದ್ದವಾಗಿಸುವುದು ಇನ್ನೊಂದು. ನ್ಯಾನೊಸೆಲ್ಯುಲೋಸಿನ ಮೇಲೆ ಮೇಣ ಅಥವಾ ಜೈವಿಕ ಮೂಲದ ಪಾಲಿಮರಿನ ತೆಳು ಪದರ ಕೊಟ್ಟು ತೇವವನ್ನು ಹೊರಗಿಡುವುದು ಮೂರನೆಯದು. ಕೊನೆಯ ಕ್ರಮದಲ್ಲಿ ಅನಿಲವನ್ನೂ ಎಣ್ಣೆಯನ್ನೂ ಒಳಪದರ ತಡೆಯುತ್ತದೆ, ನೀರನ್ನು ಹೊರಪದರ ತಡೆಯುತ್ತದೆ. ಕಾರ್ಯತಃ ಹೆಚ್ಚು ಭರವಸೆಯದು ಇದೇ. ಆದರೆ ಹೊರಪದರ ದಪ್ಪವಾದಷ್ಟೂ ಕಾಗದವನ್ನು ಮರಳಿ ತಿರುಳಾಗಿಸುವುದು ಕಷ್ಟವಾಗುತ್ತದೆ. ಪ್ಲಾಸ್ಟಿಕ್ಕನ್ನು ಬಿಡಲು ಹೊರಟು ಬೇರೊಂದು ಹೆಸರಿನಿಂದ ಅದೇ ತೊಡಕನ್ನು ತಂದುಕೊಳ್ಳದಂತೆ ಎಚ್ಚರ ವಹಿಸಬೇಕು.

ಗ್ರಂಥಸಂರಕ್ಷಣೆಯಲ್ಲಿ ಪ್ರಯೋಜನ

ಗ್ರಂಥಾಲಯಗಳಿಗೆ ಈ ವಿಷಯ ಬೇರೊಂದು ಕಾರಣಕ್ಕಾಗಿ ಮುಖ್ಯ. 1807ರಲ್ಲಿ ಜರ್ಮನಿಯ ಇಲ್ಲಿಗ್ ರಾಳ ಮತ್ತು ಪಟಿಕದ ಲೇಪವನ್ನು ಪ್ರಕಟಿಸಿದ ತರುವಾಯ, ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳವರೆಗೆ ತಯಾರಾದ ಕಾಗದದಲ್ಲಿ ಬಹುಪಾಲು ಆಮ್ಲಯುಕ್ತವಾದುದು. ಆಮ್ಲವು ಸೆಲ್ಯುಲೋಸಿನ ಸರಪಣಿಗಳನ್ನು ತುಂಡರಿಸುತ್ತದೆ. ಪುಟಗಳು ಕಂದಾಗಿ, ಮುಟ್ಟಿದರೆ ಪುಡಿಯಾಗುವ ಸ್ಥಿತಿಗೆ ಬರುತ್ತವೆ. ಕನ್ನಡದ ಹಳೆಯ ಪತ್ರಿಕೆಗಳ, ಅಗ್ಗದ ಆವೃತ್ತಿಗಳ ಸಂಪುಟಗಳನ್ನು ತೆರೆದವರಿಗೆಲ್ಲ ಇದರ ಅನುಭವವಿದೆ.

ಇಂತಹ ಪುಟಗಳಿಗೆ ತೆಳು ಜಪಾನಿ ಕಾಗದವನ್ನು ಅಂಟಿಸುವುದು ರೂಢಿಯ ಕ್ರಮ. ಅದರಿಂದ ಪುಟದ ದಪ್ಪ ಹೆಚ್ಚುತ್ತದೆ, ಅಕ್ಷರ ತುಸು ಮಸುಕಾಗುತ್ತದೆ. ನ್ಯಾನೊತಂತುಗಳ ಲೇಪ ಅಂಟಿಲ್ಲದೆಯೇ ಹಿಡಿದುಕೊಳ್ಳುತ್ತದೆ. ಪೊರೆ ಬೆಳಕಿನ ತರಂಗಾಂತರಕ್ಕಿಂತ ಸಣ್ಣ ತಂತುಗಳದಾದುದರಿಂದ ಬಹುಮಟ್ಟಿಗೆ ಪಾರದರ್ಶಕ. ಆಸ್ಟ್ರಿಯ ಹಾಗೂ ಜರ್ಮನಿಯ ಸಂಶೋಧಕರು ಹಾನಿಗೊಂಡ ಐತಿಹಾಸಿಕ ಕಾಗದದ ಮೇಲೆ ಅಂಟಿಲ್ಲದೆ ನ್ಯಾನೊಸೆಲ್ಯುಲೋಸ್ ಮಿಶ್ರಣವನ್ನು ಹಚ್ಚಿದ ಪ್ರಯೋಗಗಳನ್ನು 2017ರಲ್ಲಿ ಪ್ರಕಟಿಸಿದ್ದಾರೆ. 2004ರ ಸೆಪ್ಟೆಂಬರ್ 2ರಂದು ವೈಮಾರಿನ ಆನಾ ಅಮಾಲಿಯಾ ಗ್ರಂಥಾಲಯ ಅಗ್ನಿಗೆ ಆಹುತಿಯಾದಾಗ ಸುಮಾರು 50,000 ಸಂಪುಟಗಳು ನಾಶವಾಗಿ ಅದಕ್ಕೂ ಹೆಚ್ಚು ಸಂಪುಟಗಳು ಬೆಂಕಿ ನೀರುಗಳಿಂದ ಹಾನಿಗೊಂಡವು. ಇಂತಹ ದುರಂತಗಳಲ್ಲಿ ಉಳಿದ ಪುಟಗಳಿಗೆ ಈ ವಿಧಾನ ಎಷ್ಟು ಉಪಕಾರಿಯಾಗಬಹುದೆಂಬುದನ್ನು ಊಹಿಸಬಹುದು.

ಆದರೆ ಸಂರಕ್ಷಕರು ಆಯ್ಕೆಯಲ್ಲಿ ಜಾಗರೂಕರಾಗಿರಬೇಕು. ಗಂಧಕಾಮ್ಲದಿಂದ ಪಡೆದ ನ್ಯಾನೊಸ್ಫಟಿಕಗಳ ಮೇಲ್ಮೈಯಲ್ಲಿ ಸಲ್ಫೇಟ್ ಗುಂಪುಗಳು ಉಳಿದಿರುತ್ತವೆ. ಕಾಲಕ್ರಮದಲ್ಲಿ ಅವು ಆಮ್ಲ ಬಿಡುಗಡೆ ಮಾಡುವ ಸಂಭವವಿದೆ. ಟೆಂಪೊ ವಿಧಾನದ ತಂತುಗಳು ಶಾಖಕ್ಕೆ ಹಳದಿಯಾಗುವ ಪ್ರವೃತ್ತಿಯುಳ್ಳವು. ಯಾಂತ್ರಿಕವಾಗಿ ಬಿಡಿಸಿದ, ರಾಸಾಯನಿಕವಾಗಿ ಮಾರ್ಪಡದ ತಂತುಗಳೇ ಗ್ರಂಥಗಳಿಗೆ ಸುರಕ್ಷಿತ. ಇದಲ್ಲದೆ ನ್ಯಾನೊಸೆಲ್ಯುಲೋಸ್ ಪುಟವನ್ನು ಬಲಪಡಿಸುತ್ತದೆಯೇ ಹೊರತು ಅದರೊಳಗಿನ ಆಮ್ಲವನ್ನು ಶಮನಗೊಳಿಸುವುದಿಲ್ಲ. ಮೊದಲು ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಸಂಯುಕ್ತಗಳಿಂದ ಆಮ್ಲನಿವಾರಣೆ ಮಾಡದೆ ಲೇಪಿಸುವುದೆಂದರೆ ರೋಗವನ್ನು ಒಳಗಿಟ್ಟು ಗಾಯಕ್ಕೆ ಪಟ್ಟಿ ಕಟ್ಟಿದಂತೆ. ನೀರಿನಲ್ಲಿ ಕರಗುವ ಶಾಯಿಯ ಹಸ್ತಪ್ರತಿಗಳಿಗೆ ಜಲಮಿಶ್ರಣವನ್ನು ನೇರವಾಗಿ ಹಚ್ಚುವಂತೆಯೂ ಇಲ್ಲ.

ಕಚ್ಚಾವಸ್ತು ಮತ್ತು ನಮ್ಮ ಪರಿಸ್ಥಿತಿ

ನ್ಯಾನೊಸೆಲ್ಯುಲೋಸನ್ನು ಮರದಿಂದಲೇ ಪಡೆಯಬೇಕೆಂದಿಲ್ಲ. ಕಬ್ಬಿನ ಸಿಪ್ಪೆ, ಹತ್ತಿಯ ಉಳಿಕೆ, ಬಾಳೆಯ ನಾರು, ಭತ್ತದ ಹುಲ್ಲುಗಳಿಂದ ಪಡೆದ ವರದಿಗಳು ಹೇರಳವಾಗಿವೆ. ಕರ್ನಾಟಕದ ಮುಖ್ಯ ಬೆಳೆಯಾದ ಅಡಿಕೆಯ ಸಿಪ್ಪೆಯ ನಾರಿನಿಂದ ನ್ಯಾನೊತಂತುಗಳನ್ನು ಬೇರ್ಪಡಿಸಿದ ಅಧ್ಯಯನ ಕೇರಳದಿಂದ 2016ರಲ್ಲಿ ಪ್ರಕಟವಾಗಿದೆ. ಮುಂಬಯಿಯ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನ ಸಂಸ್ಥೆಯು ಹತ್ತಿಯ ಉಳಿಕೆಗಳಿಂದ ನ್ಯಾನೊಸೆಲ್ಯುಲೋಸ್ ತಯಾರಿಸುವ ಪ್ರಾಯೋಗಿಕ ಘಟಕವನ್ನು ಸ್ಥಾಪಿಸಿದೆ. ಕಬ್ಬಿನ ಸಿಪ್ಪೆಯನ್ನು ಕಾಗದಕ್ಕೆ ಬಳಸಿದ ಅನುಭವ ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದ ಕಾರ್ಖಾನೆಗಿತ್ತು. ಅಲ್ಲಿ ಉತ್ಪಾದನೆ ನಿಂತು ವರ್ಷಗಳಾದವು. ದಾಂಡೇಲಿಯ ಕಾಗದ ಕಾರ್ಖಾನೆ ಕಾರ್ಯನಿರತವಾಗಿದೆ.

ಕೃಷಿಯ ಉಳಿಕೆಯೆಲ್ಲ ಬಿಟ್ಟಿ ಎಂದು ಭಾವಿಸುವುದೂ ಸರಿಯಲ್ಲ. ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆಯನ್ನು ಉರಿಸಿ ಉಗಿಯನ್ನೂ ವಿದ್ಯುತ್ತನ್ನೂ ಪಡೆಯುತ್ತವೆ. ಅದನ್ನು ಲೇಪನಕ್ಕೆ ಬಳಸುವುದಾದರೆ ಈ ಶಕ್ತಿಯ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹುಲ್ಲು ಮೊದಲಾದವುಗಳಲ್ಲಿರುವ ಸಿಲಿಕ ಅಂಶವನ್ನು ತೆಗೆಯುವ ವೆಚ್ಚವೂ ಉಂಟು. ಒಣ ನ್ಯಾನೊಕಣಗಳ ಧೂಳನ್ನು ಉಸಿರಾಡುವುದು ಹಿತವಲ್ಲದುದರಿಂದ ಸಿಂಪಡಿಸುವ ಮತ್ತು ಒಣಗಿಸುವ ಹಂತಗಳಲ್ಲಿ ಕೆಲಸಗಾರರ ರಕ್ಷಣೆಗೆ ಗಮನ ಕೊಡಬೇಕು.

ಉಪಸಂಹಾರ

ನ್ಯಾನೊಸೆಲ್ಯುಲೋಸ್ ಲೇಪನವು ಕಾಗದದ ತೆರಪನ್ನು ಕಾಗದದ ದ್ರವ್ಯದಿಂದಲೇ ಮುಚ್ಚುವ ಉಪಾಯ. ಗಾಳಿ, ಎಣ್ಣೆ, ಒಣ ಸ್ಥಿತಿಯ ಆಮ್ಲಜನಕ ಇವುಗಳಿಗೆ ಅದು ಒಳ್ಳೆಯ ತಡೆ. ನೀರು ಮತ್ತು ನೀರಾವಿಗೆ ತಡೆಯಲ್ಲ. ಈ ವಿವೇಚನೆಯನ್ನು ಇಟ್ಟುಕೊಂಡರೆ ಅದರ ಯೋಗ್ಯ ಸ್ಥಾನ ಯಾವುದೆಂಬುದು ತಿಳಿಯುತ್ತದೆ: ಎಣ್ಣೆಯ ತಿನಿಸುಗಳ ಪೊಟ್ಟಣ, ರಟ್ಟಿನ ಮೇಲ್ಪದರ, ಉತ್ತಮ ಮುದ್ರಣದ ಕಾಗದ ಹಾಗೂ ಜೀರ್ಣಗೊಂಡ ಪುಟಗಳ ರಕ್ಷಣೆ. ಬಿಸಿ ಪಾನೀಯದ ಲೋಟಕ್ಕೆ ಅದೊಂದೇ ಸಾಲದು.

ಮುಂದಿನ ಸಂಶೋಧನೆ ಮೂರು ಕಡೆಗಳಲ್ಲಿ ನಡೆಯಬೇಕಾಗಿದೆ. ಲೇಪದ ಘನಾಂಶವನ್ನು ಹೆಚ್ಚಿಸಿ ಒಣಗಿಸುವ ಶಾಖವನ್ನು ಕಡಿಮೆ ಮಾಡಬೇಕು. ಮರಳಿ ತಿರುಳಾಗುವ ಗುಣ ಕೆಡದಂತೆ ತೇವವನ್ನು ತಡೆಯುವ ಮೇಲ್ಪದರವನ್ನು ರೂಪಿಸಬೇಕು. ಫಲಿತಾಂಶಗಳನ್ನು ಶೇಕಡಾ 80 ಮತ್ತು 90ರ ಆರ್ದ್ರತೆಯಲ್ಲಿ ಅಳೆದು ಪ್ರಕಟಿಸಬೇಕು. ಮೂರನೆಯ ಕೆಲಸಕ್ಕೆ ದುಬಾರಿ ಯಂತ್ರಗಳಿಗಿಂತ ನಮ್ಮ ಹವೆಯೇ ಮುಖ್ಯ. ಕರಾವಳಿಯ ಯಾವುದೇ ಕಾಲೇಜಿನ ಪ್ರಯೋಗಶಾಲೆ ಮಳೆಗಾಲದಲ್ಲಿ ಅದನ್ನು ಕೈಗೊಳ್ಳಬಹುದು. ಹುಣಸೆಬೀಜದ ಸರಿ ಬಟ್ಟೆಗೆ ಚೆನ್ನಾಗಿ ಹಿಡಿಯುವುದನ್ನು ಕಂಡುಕೊಂಡವರು ಇಲ್ಲಿಯ ಹವೆಯಲ್ಲಿ ಬಾಳುವಂತಹ ಕಡತವನ್ನು ಮಾಡಿದ್ದರು. ಹೊಸ ಲೇಪನವನ್ನೂ ಇಲ್ಲಿಯ ಹವೆಯಲ್ಲಿಯೇ ಪರೀಕ್ಷಿಸಿ ನೋಡುವುದು ನಮ್ಮ ಕರ್ತವ್ಯ.